ಹೇಳಿಕೆಯ ಭಾಷೆ: ಕಾಲೇಜಿನ ದೂರು ಸಮಿತಿಯಲ್ಲಿ ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಕಾಲೇಜೊಂದರಲ್ಲಿ ನಾನು ಮೂರು ವರ್ಷ ಆಂತರಿಕ ದೂರು ಸಮಿತಿಯ ಅಧ್ಯಕ್ಷೆಯಾಗಿದ್ದೆ. ಲೈಂಗಿಕ ಕಿರುಕುಳದ ದೂರುಗಳ ವಿಚಾರಣೆ ಈ ಸಮಿತಿಯ ಹೊಣೆ. ಇಲ್ಲಿ ಹೇಳುವ ಪ್ರಕರಣದಲ್ಲಿ ಯಾರ ಗುರುತೂ ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿ ವಿಚಾರಣೆಯ ಹಂತಗಳನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ದೂರಿನ ಪ್ರತಿ 7 ದಿನಗಳಲ್ಲಿ ಪ್ರತಿವಾದಿಗೆ, ಅಂದರೆ ಯಾರ ಮೇಲೆ ದೂರಿದೆಯೋ ಅವನಿಗೆ, ತಲುಪಬೇಕು, ಅವನ ಉತ್ತರಕ್ಕೆ 10 ದಿನ, ಇಡೀ ವಿಚಾರಣೆಗೆ 90 ದಿನ. ವಿಷಯ ವಿದ್ಯಾರ್ಥಿಗಳದ್ದಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಸಮಿತಿಯಲ್ಲಿರಬೇಕು. ಆದರೆ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲವೂ ಒಂದೇ ತರಗತಿಯಲ್ಲಿ ಕೇಳಿಬರುವ ನಮ್ಮ ಊರಿನಲ್ಲಿ ಹೇಳಿಕೆಯನ್ನು ಯಾವ ಭಾಷೆಯಲ್ಲಿ ಬರೆದುಕೊಳ್ಳಬೇಕು ಎಂಬ ಪ್ರಶ್ನೆಯನ್ನು ನಾವು ಎತ್ತಿಕೊಂಡೇ ಇರಲಿಲ್ಲ. ಮೊದಲ ಪ್ರಕರಣದಲ್ಲಿಯೇ ಅದರಿಂದ ತಪ್ಪಾಯಿತು, ಆ ತಪ್ಪು ನನ್ನದು.

ದೂರು ಕೊಟ್ಟವಳು ಮನೆಯಲ್ಲಿ ತುಳು ಮಾತನಾಡುವ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ. ಮೆಟ್ಟಿಲಿನ ಬಳಿ ಸಹಪಾಠಿಯೊಬ್ಬ ತನ್ನ 'ಕೈ ಪತ್ತ್‌ದ್ ಒಯ್ತೆ' ಎಂದು ಅವಳು ಹೇಳಿದಳು. ಕೈ ಹಿಡಿದು ಎಳೆದ ಎಂದರ್ಥ. ಬರೆದುಕೊಳ್ಳುತ್ತಿದ್ದ ಸದಸ್ಯರು ಮಲಯಾಳಿಗಳು. ಅವರಿಗೆ ನಾನೇ ಅನುವಾದಿಸಿ ಹೇಳುತ್ತಿದ್ದೆ, ಆತುರದಲ್ಲಿ ಕಾಗದಕ್ಕೆ ಇಳಿದದ್ದು 'ಕೈ ಪಿಡಿಚ್ಚು', ಕೈ ಹಿಡಿದ, ಎಂದಷ್ಟೆ. ಎಳೆದದ್ದು ಬಿಟ್ಟುಹೋಯಿತು. ತನಗೆ ಸರಿಯಾಗಿ ಓದಲು ಬಾರದ ಲಿಪಿಯ ಆ ಹಾಳೆಗೆ ಹುಡುಗಿ ಸಹಿ ಮಾಡಿದಳು. ಅವಳು ಬೀಳುವಂತಾದಾಗ ತಾನು ಕೈ ಹಿಡಿದು ತಡೆದೆ ಎಂಬುದು ಹುಡುಗನ ಉತ್ತರ. ಹಿಡಿದದ್ದನ್ನು ಇಬ್ಬರೂ ಒಪ್ಪುತ್ತಿದ್ದರು. ಎಳೆದನೋ ಇಲ್ಲವೋ ಎಂಬುದೊಂದೇ ವಿವಾದ, ಅದೇ ನಮ್ಮ ದಾಖಲೆಯಲ್ಲಿರಲಿಲ್ಲ. ಹೇಳಿಕೆಯನ್ನು ಮತ್ತೊಮ್ಮೆ ಪಡೆಯಬೇಕಾಯಿತು. ಆಡಲು ಕಷ್ಟವಾದ ಮಾತನ್ನು ಅವಳಿಂದ ಎರಡನೆಯ ಸಲ ಆಡಿಸಿದ್ದು ನನಗೆ ಇಂದಿಗೂ ನೋವಿನ ವಿಷಯ. ಹುಡುಗನ ಕಡೆಯಿಂದ ನೋಡಿದರೂ, ಹೇಳಿಕೆ ನಡುವೆ ಬದಲಾಯಿತೆಂದು ಅವನು ಆಕ್ಷೇಪಿಸಿದ್ದು ನ್ಯಾಯವೇ ಆಗಿತ್ತು. ಹಳೆಯ ಹಾಳೆಯನ್ನು ಕಿತ್ತೆಸೆಯದೆ, ಲೋಪ ಹೇಗಾಯಿತೆಂಬ ನನ್ನದೇ ಟಿಪ್ಪಣಿಯೊಂದಿಗೆ ಎರಡನ್ನೂ ಕಡತದಲ್ಲಿ ಇಟ್ಟೆವು.

ಆ ಬಳಿಕ ಹೇಳಿಕೆಯನ್ನು ಹೇಳುವವರ ಮಾತಿನಲ್ಲಿಯೇ ಬರೆದುಕೊಂಡೆವು. ತುಳುವನ್ನು ಕನ್ನಡ ಲಿಪಿಯಲ್ಲಿ ಇದ್ದ ಹಾಗೆಯೇ ಬರೆದು, ಕೆಳಗೆ ಮಲಯಾಳ ಅನುವಾದ ಕೊಟ್ಟು, ಎರಡನ್ನೂ ಗಟ್ಟಿಯಾಗಿ ಓದಿ ಹೇಳಿ, ತಿದ್ದುವುದಿದ್ದರೆ ತಿದ್ದಿಸಿ, ಅನಂತರವೇ ಸಹಿ ಪಡೆಯುತ್ತಿದ್ದೆವು. ದೂರಿನ ಪ್ರತಿಯೊಂದಿಗೆ ಪ್ರತಿವಾದಿಗೂ ಅವನ ಭಾಷೆಯ ಅನುವಾದವನ್ನು ಕೊಟ್ಟೆವು, ಏಕೆಂದರೆ ತನ್ನ ಮೇಲಿನ ಆರೋಪ ಏನೆಂದು ತಿಳಿಯದವನು ಕೊಡುವ ಉತ್ತರಕ್ಕೆ ಬೆಲೆಯಿಲ್ಲ.

ಪಾಟೀಸವಾಲಿನ, ಅಂದರೆ ಹೇಳಿಕೆ ಕೊಟ್ಟವರನ್ನು ಎದುರು ಪಕ್ಷದವರು ಪ್ರಶ್ನಿಸುವುದರ, ಬಗ್ಗೆ ಸಮಿತಿಯಲ್ಲಿ ದೀರ್ಘ ಚರ್ಚೆಯಾಯಿತು. ರಾಂಚಿಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಹುಡುಗಿಯರ ಹೇಳಿಕೆಗಳನ್ನು ಆರೋಪಿಗಳ ಅನುಪಸ್ಥಿತಿಯಲ್ಲಿ ಪಡೆದದ್ದು ಸಹಜ ನ್ಯಾಯಕ್ಕೆ (ಇಬ್ಬರ ಮಾತನ್ನೂ ಕೇಳಿ ತೀರ್ಮಾನಿಸಬೇಕೆಂಬ ತತ್ತ್ವಕ್ಕೆ) ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟು 1973ರಲ್ಲಿಯೇ ಹೇಳಿತ್ತು. ಆದರೆ ಪ್ರಶ್ನಿಸುವ ಅವಕಾಶವನ್ನೇ ಕೊಡದಿರುವುದು ನನಗೆ ಸರಿಯೆನಿಸಲಿಲ್ಲ. ಹುಡುಗ ಪ್ರಶ್ನೆಗಳನ್ನು ಬರೆದುಕೊಟ್ಟ, ನಾನು ಅವನ್ನು ಅವಳ ಮುಂದಿಟ್ಟೆ, ಅವಳ ಉತ್ತರಗಳನ್ನು ಅವನಿಗೆ ಓದಿ ಹೇಳಿದೆ. 'ಆಗಲೇ ಏಕೆ ಕೂಗಲಿಲ್ಲ' ಎಂಬ ಪ್ರಶ್ನೆಯನ್ನು, ಕಾರಣ ಬರೆದಿಟ್ಟು, ಕೇಳಲಿಲ್ಲ.

ವಿಚಾರಣೆ ಮುಗಿಯುವವರೆಗೆ ಅವಳಿಂದ ದೂರವಿರಬೇಕೆಂದು ಹುಡುಗನಿಗೆ ಸೂಚಿಸುವುದು ಸುಲಭ. ಆದರೆ ಇಬ್ಬರೂ ಸಂಜೆ ಬದಿಯಡ್ಕದ ಕಡೆಗೆ ಒಂದೇ ಬಸ್ಸಿನಲ್ಲಿ ಹೋಗುವವರು. ಹುಡುಗಿಯೇ ಬೇಗ ಹೊರಡಲಿ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಸಲಹೆಯಿತ್ತರು. ನಾನು ಒಪ್ಪಲಿಲ್ಲ; ದೂರು ಕೊಟ್ಟದ್ದಕ್ಕೆ ತರಗತಿ ಕಳೆದುಕೊಳ್ಳುವುದು ಅವಳಿಗೆ ಶಿಕ್ಷೆಯೇ ಆಗುತ್ತಿತ್ತು. ಹುಡುಗ ಮುಂದಿನ ಬಸ್ಸು ಹಿಡಿಯಬೇಕೆಂದೂ, ಅಲ್ಲಿಯವರೆಗೆ ಗ್ರಂಥಾಲಯದಲ್ಲಿ ಕುಳಿತು ಓದಬಹುದೆಂದೂ ನಿರ್ಧರಿಸಿದೆವು.

ಸಾಕ್ಷಿಗಳ ಮಾತು ಹುಡುಗಿಯ ಎರಡನೆಯ ಹೇಳಿಕೆಗೆ ಹೊಂದಿತು. ಕಾಲೇಜಿನಿಂದಲೇ ಹೆಸರು ತೆಗೆದುಹಾಕುವ ಶಿಕ್ಷೆಗೂ ನಿಯಮದಲ್ಲಿ ಅವಕಾಶವಿದೆ, ಆದರೆ ಕೃತ್ಯದ ಗಾತ್ರವನ್ನು ನೋಡಿ ನಿಗದಿತ ಅವಧಿಯ ಅಮಾನತು ಮತ್ತು ಕಡ್ಡಾಯ ಆಪ್ತಸಮಾಲೋಚನೆಯನ್ನು ಶಿಫಾರಸು ಮಾಡಿದೆವು. ಶಿಫಾರಸಿನ ಪ್ರತಿ ಇಬ್ಬರಿಗೂ ಹೋಗಬೇಕು, ಮೇಲ್ಮನವಿಗೆ ಇರುವುದು 30 ದಿನ. ಇಂಗ್ಲಿಷಿನಲ್ಲಿದ್ದ ವರದಿಯನ್ನು ನಾನು ನಾಲ್ಕು ಸಂಜೆ ಕುಳಿತು ಕನ್ನಡಕ್ಕೆ ತಂದೆ, ಸಹೋದ್ಯೋಗಿಯೊಬ್ಬರು ಮಲಯಾಳಕ್ಕೆ ತಂದರು. ಮೂರೂ ಪ್ರತಿಗಳು ಒಂದೇ ದಿನ, ಒಂದೇ ಲಕೋಟೆಯಲ್ಲಿ ಇಬ್ಬರ ಕೈ ಸೇರಿದವು.