ಅಳತೆ ಪುಸ್ತಕದಲ್ಲಿ ಗುಂಡನ ಪುಟ

ನನ್ನ ಅಂಗಡಿಯ ಅಳತೆ ಪುಸ್ತಕದಲ್ಲಿ ಗಿರಾಕಿಗಳ ರವಿಕೆ, ಪ್ಯಾಂಟುಗಳ ನಡುವೆ ಒಂದು ಪುಟ ನಮ್ಮ ನಾಯಿ ಗುಂಡನದು. ‘ಎಡ ತೊಡೆ 10, ಬಲ ತೊಡೆ 10’ ಎಂದು ಮೊದಲ ಸಾಲು. ಮೂರನೆಯ ವಾರದ ಸಾಲಿನಲ್ಲಿ, ಆಡದ ಕಾಲು ಸೊರಗಿ, ಎರಡೂ ಎಂಟೂವರೆ ಇಂಚಿಗೆ ಇಳಿದಿವೆ. ಆ ಸಾಲು ಬರೆದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಗುಂಡ ಡ್ಯಾಶ್‌ಹಂಡ್, ಗಿಡ್ಡ ಕಾಲಿನ ತಳಿ. ಆಗ ಅವನಿಗೆ ಐದು ವರ್ಷ. ಸರಸ್ವತಿಪುರದ ನಮ್ಮ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ನವರಾತ್ರಿಯ ಮೂರನೆಯ ದಿನ, ಕೆಲಸದ ಒತ್ತಡದ ನಡುವೆ, ದಿವಾನದ ಮೇಲಿಂದ ಹಾರಿದವನು ಒಮ್ಮೆ ಕಿರುಚಿ ಬೆನ್ನು ಬಿಲ್ಲಿನಂತೆ ಮಾಡಿಕೊಂಡು ನಿಂತುಬಿಟ್ಟ. ಉಳುಕಿರಬೇಕು ಎಂದುಕೊಂಡು ಬಿಟ್ಟೆ. ಆ ಸಂಜೆ ಎಂದಿನಂತೆ ಮೆಟ್ಟಿಲು ಇಳಿಸಿ ತಿರುಗಾಡಿಸಿದೆ. ಇದು ನನ್ನ ತಪ್ಪು, ದೊಡ್ಡ ತಪ್ಪು. ಬೆಳಗಾಗುವಷ್ಟರಲ್ಲಿ ಹಿಂಗಾಲುಗಳು ನೆಲದ ಮೇಲೆ ಎಳೆದುಕೊಂಡು ಬರುತ್ತಿದ್ದವು. ಪಾದವನ್ನು ಮಡಿಸಿ ಇಟ್ಟರೆ ಮಡಿಸಿದಂತೆಯೇ ಉಳಿಯುತ್ತಿತ್ತು.

ಪಶುವೈದ್ಯರು ಇಕ್ಕಳದಿಂದ ಹಿಂಗಾಲಿನ ಬೆರಳನ್ನು ಬಲವಾಗಿ ಹಿಸುಕಿದರು. ಗುಂಡ ತಲೆ ತಿರುಗಿಸಿ ನೋಡಿ ಗುರ್ ಎಂದ. ‘ಇದೇ ನಮಗೆ ಬೇಕಾದದ್ದು. ಕಾಲು ಎಳೆದುಕೊಂಡರೆ ಸಾಲದು, ನೋವು ಮಿದುಳಿಗೆ ತಲುಪಿದ್ದು ಮುಖದಲ್ಲಿ ಕಾಣಬೇಕು’ ಎಂದರು ವೈದ್ಯರು. ಆ ನೋವೂ ತಿಳಿಯದೆ ಹೋದರೆ ಒಂದು ದಿನವನ್ನೂ ಕಳೆಯದೆ ಬೆಂಗಳೂರಿಗೆ ಒಯ್ದು, ಎಂಆರ್‌ಐ ಮಾಡಿಸಿ ಶಸ್ತ್ರಚಿಕಿತ್ಸೆಗೆ ಒಪ್ಪಿಸಬೇಕು, ತಡವಾದಷ್ಟೂ ಕಾಲು ಮರಳುವ ಆಸೆ ಕ್ಷೀಣಿಸುತ್ತದೆ ಎಂದು ಬಿಡಿಸಿ ಹೇಳಿದರು. ನೋವು ತಿಳಿಯುತ್ತಿದ್ದುದರಿಂದ ಮನೆಯಲ್ಲೇ ಆರೈಕೆ ಮಾಡಿ ನೋಡೋಣ ಎಂದು ನಿರ್ಧರಿಸಿದೆವು. ಖರ್ಚೂ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಮೊದಲ ವಾರವಿಡೀ ಹಣವನ್ನೂ ಕಾಗದಪತ್ರಗಳನ್ನೂ ಒಂದು ಚೀಲದಲ್ಲಿ ತುಂಬಿ ಬಾಗಿಲ ಬಳಿ ಇಟ್ಟಿದ್ದೆ.

ಗಿಡ್ಡ ಕಾಲಿನ ತಳಿಗಳಲ್ಲಿ ಬೆನ್ನುಮೂಳೆಗಳ ನಡುವಿನ ಡಿಸ್ಕಿನ ತಿರುಳು ಚಿಕ್ಕ ವಯಸ್ಸಿನಲ್ಲೇ ಗಟ್ಟಿಯಾಗುತ್ತದೆ. ಒಂದು ದಿನ ಸುತ್ತಲಿನ ಉಂಗುರವನ್ನು ಹರಿದು ಮೇಲೆ ನುಗ್ಗಿ ಬೆನ್ನುಹುರಿಯನ್ನು ಒತ್ತುತ್ತದೆ. ಹರಿದ ಉಂಗುರ ಕೂಡಿಕೊಳ್ಳಲು ವಾರಗಳು ಬೇಕು. ಕಚ್ಚಾ ಹೊಲಿಗೆ ಹಾಕಿದ ಬಟ್ಟೆಯನ್ನು ನಾನು ಯಾರಿಗೂ ತೊಡಲು ಕೊಡುವುದಿಲ್ಲ, ಎಳೆದರೆ ಬಿಟ್ಟುಕೊಳ್ಳುತ್ತದೆ. ಗುಂಡನ ಬೆನ್ನೂ ಹಾಗೆಯೇ ಎಂದು ಮನಸ್ಸಿಗೆ ಹೇಳಿಕೊಂಡ ಮೇಲೆ ಆರು ವಾರ ಅವನನ್ನು ಗೂಡಿನಲ್ಲಿ ಇಡುವ ಧೈರ್ಯ ಬಂತು.

ಗೂಡು ಮೂರಡಿ ಉದ್ದ, ಎರಡಡಿ ಅಗಲ. ತಿರುಗಿ ಮಲಗುವಷ್ಟು ಜಾಗ, ಓಡುವಷ್ಟಲ್ಲ. ಕೆಳಗೆ ದಪ್ಪ ಹಾಸಿಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ನನ್ನ ಹೆಂಡತಿ ಶಾರದೆಯ ಹಳೆಯ ಕಾಟನ್ ಸೀರೆಗಳು. ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೆ, ಹುಣ್ಣಾಗಬಾರದೆಂದು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಬೆನ್ನು ಮಾತ್ರ ಹಲಗೆಯಂತೆ ನೇರ. ಪಕ್ಕದ ಮನೆಯ ಅಜ್ಜಿ ಬಂದು, ‘ಮಗುವಿನಂಥದ್ದನ್ನು ಕೂಡಿಹಾಕಿದ್ದೀಯಲ್ಲಪ್ಪಾ, ಬೆನ್ನಿಗೆ ಎಣ್ಣೆ ತಿಕ್ಕಿ ನೀವಿದರೆ ಸರಿಹೋಗುತ್ತದೆ’ ಎಂದರು. ಅವರ ಪ್ರೀತಿ ದೊಡ್ಡದು. ಆದರೆ ಅಲ್ಲಿ ನೀವುವುದು, ತಿರುಚುವುದು ಕೂಡದು ಎಂದು ಕೈಮುಗಿದು ಹೇಳಿದೆ. ಮನುಷ್ಯರ ನೋವಿನ ಮಾತ್ರೆಯನ್ನೂ ಮುಟ್ಟಲಿಲ್ಲ; ಐಬುಪ್ರೊಫೇನ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ನನಗೆ ತೀರಾ ಕಷ್ಟವಾದದ್ದು ಮೂತ್ರ. ಬೆನ್ನುಹುರಿ ಹೀಗೆ ಬಲವಾಗಿ ಒತ್ತಿದಾಗ ನಾಯಿ ತಾನಾಗಿ ಮೂತ್ರ ಮಾಡಲಾಗದೆ ಹೋಗಬಹುದು. ಹಾಸಿಗೆ ಒದ್ದೆಯಾಗಿದ್ದುದನ್ನು ಕಂಡು ಮಾಡಿದ್ದಾನೆ ಎಂದುಕೊಂಡೆ. ಅದು ತುಂಬಿದ ಕೊಡ ತುಳುಕಿದಂತೆ ಅಷ್ಟೇ ಎಂದರು ವೈದ್ಯರು. ನನ್ನ ಕೈಯನ್ನು ಹಿಡಿದು ಹಿಂಗಾಲುಗಳ ಮುಂದೆ, ಹೊಟ್ಟೆಯ ಎರಡೂ ಬದಿಗೆ ಇಡಿಸಿದರು. ಬೆರಳ ತುದಿಗಳಿಗೆ ನೀರು ತುಂಬಿದ ಬಲೂನಿನಂಥ ದುಂಡು ಸಿಕ್ಕಿತು, ಮೂಸಂಬಿಯಷ್ಟು. ಅಂಗೈಗಳನ್ನು ಚಪ್ಪಟೆಯಾಗಿಟ್ಟು ಎರಡೂ ಕಡೆಯಿಂದ ಮೆಲ್ಲಗೆ ಒತ್ತಿ ಬಾಲದ ಕಡೆಗೆ ಒತ್ತಡ ಸರಿಸಬೇಕು. ಜೋರು ಮಾಡಿದರೆ ಮೂತ್ರಕೋಶ ಹರಿಯಬಹುದು. ಮೊದಲ ದಿನ ಮನೆಯಲ್ಲಿ ನನ್ನ ಕೈ ನಡುಗಿ ಏನೂ ಬರಲಿಲ್ಲ. ಎರಡನೆಯ ಸಲ ಒಗೆಯುವ ಕಲ್ಲಿನ ಪಕ್ಕ ನಿಲ್ಲಿಸಿ, ಶಾರದೆ ಎದೆ ಹಿಡಿದುಕೊಂಡಳು. ಉಸಿರು ಬಿಗಿಹಿಡಿದು ಒತ್ತಿದೆ, ಸಣ್ಣ ಧಾರೆ ಶುರುವಾಯಿತು. ನಿಂತ ಮೇಲೆ ಮತ್ತೆ ತಡವಿದರೆ ದುಂಡು ನಿಂಬೆಹಣ್ಣಿಗಿಂತ ಚಿಕ್ಕದಾಗಿತ್ತು. ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹನ್ನೊಂದು. ಒಂಬತ್ತನೆಯ ದಿನ ಮೂತ್ರ ಕದಡಿದಂತೆ ಕಂಡು ಗಬ್ಬು ನಾತ ಬಂತು. ಅಂದೇ ಪರೀಕ್ಷೆ ಮಾಡಿಸಿದೆವು, ಸೋಂಕು ಇತ್ತು, ಆ್ಯಂಟಿಬಯೋಟಿಕ್ ಶುರುವಾಯಿತು. ಮೂಗು, ಕಣ್ಣು ಎರಡನ್ನೂ ಪ್ರತಿ ಸಲ ಬಳಸಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಹನ್ನೆರಡನೆಯ ಬೆಳಗ್ಗೆ ಶಾರದೆ ಹಾಲಿನ ಪ್ಯಾಕೆಟ್ ಕತ್ತರಿಸಿದಳು. ಆ ಸದ್ದಿಗೆ ಗೂಡಿನಲ್ಲಿ ಸೀರೆಯ ಮೇಲೆ ‘ಟಪ್’ ಎಂದಿತು. ನಾನು ಮಷೀನು ನಿಲ್ಲಿಸಿದೆ. ಮತ್ತೆ ಟಪ್, ಟಪ್. ‘ಇಲ್ಲಿ ನೋಡಿ, ಬಾಲ!’ ಎಂದು ಅವಳು ಕೂಗಿದಳು. ಚಿವುಟಿದಾಗ ಕಾಲು ಒದೆಯುವುದು ಬೆನ್ನುಹುರಿಯ ಪ್ರತಿವರ್ತನೆಯೂ ಆಗಿರಬಹುದು, ಮಿದುಳು ಬೇಕಿಲ್ಲ. ಸದ್ದು ಕೇಳಿ ಬಾಲ ಆಡಿಸಲು ಮಿದುಳಿನಿಂದ ಹಾದಿ ತೆರೆದಿರಲೇಬೇಕು. ಅಂದು ಗಿರಾಕಿಯೊಬ್ಬರ ಮುಂದೆಯೇ ಅತ್ತುಬಿಟ್ಟೆ.

ವೈದ್ಯರು ಒಪ್ಪಿದ ಮೇಲೆ ಮಲಗಿಸಿ, ಒಂದೊಂದೇ ಕಾಲನ್ನು ಸೈಕಲ್ ತುಳಿದಂತೆ ಹತ್ತು ಸಲ ಮಡಿಸಿ ಚಾಚಿಸುವುದು, ದಿನಕ್ಕೆ ಮೂರು ಬಾರಿ. ಹೊಟ್ಟೆಯ ಕೆಳಗೆ ಹಾಕುವ ಜೋಲಿಯನ್ನು ಹಳೆಯ ಜೀನ್ಸಿನಿಂದ ನಾನೇ ಹೊಲಿದೆ. ಅಂಚಿಗೆ ಸ್ಪಂಜು ಇಟ್ಟೆ, ತೊಡೆಯ ಸಂದು ಉಜ್ಜದಂತೆ. ನಯವಾದ ರೆಡ್ ಆಕ್ಸೈಡ್ ನೆಲಕ್ಕೆ ಉದ್ದಕ್ಕೂ ತೆಂಗಿನ ನಾರಿನ ಚಾಪೆ ಹಾಸಿದೆ.

ನಾಲ್ಕನೆಯ ವಾರ ಅವನು ತಾನಾಗಿ ಎದ್ದು ನಿಂತ. ಅಪಾಯ ಆಗಲೇ. ನೋವು ಹೋಗಿದೆ, ಉಂಗುರ ಇನ್ನೂ ಕೂಡಿಲ್ಲ, ನಾಯಿಗೆ ಅದು ಗೊತ್ತಿಲ್ಲ. ಅದೇ ವಾರ ದೀಪಾವಳಿ. ಪಟಾಕಿಗೆ ಹೆದರಿ ಗೂಡಿನ ಗೋಡೆಗೆ ಎಗರತೊಡಗಿದ. ಗೂಡನ್ನು ಒಳಕೋಣೆಗೆ ಸಾಗಿಸಿ, ಕಿಟಕಿಗೆ ಕಂಬಳಿ ಕಟ್ಟಿ, ರೇಡಿಯೋ ಹಾಕಿ, ಮೂರು ರಾತ್ರಿ ಅವನ ಎದೆಯ ಮೇಲೆ ಕೈಯಿಟ್ಟು ಪಕ್ಕದಲ್ಲೇ ಮಲಗಿದೆ.

ಆರು ವಾರ ಮುಗಿದ ಮೇಲೆ ಕೊರಳಪಟ್ಟಿ ಬಿಟ್ಟು ಎದೆಪಟ್ಟಿ ಹಾಕಿ ರಸ್ತೆಯಲ್ಲಿ ಐದು ನಿಮಿಷ ನಡೆಸಿದೆ, ವಾರಕ್ಕೆ ಎರಡೆರಡು ನಿಮಿಷ ಹೆಚ್ಚಿಸಿದೆ. ನಾನು ಕಾಫಿ ಕುಡಿಯುವಾಗ ಕೊಡುತ್ತಿದ್ದ ಬಿಸ್ಕತ್ತು ನಿಂತಿತು. ಹನ್ನೊಂದು ಕೆಜಿ ಇದ್ದವನು ಈಗ ಒಂಬತ್ತು.

ದಿವಾನದ ಕಾಲುಗಳನ್ನು ಬಡಗಿಯಿಂದ ಕೊಯ್ಯಿಸಿದ್ದೇವೆ, ಅದು ಈಗ ನೆಲದಿಂದ ಒಂದು ಗೇಣು. ಎಡಗಾಲು ಪೂರ್ತಿ ಮರಳಿಲ್ಲ. ದಣಿದಾಗ ಉಗುರು ನೆಲಕ್ಕೆ ಕೆರೆಯುವ ಸದ್ದು ಬರುತ್ತದೆ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಉಗುರು ಸವೆದಿದೆಯೇ ನೋಡಿ, ಟೇಪು ಹಿಡಿದು ಅಳೆಯುತ್ತೇನೆ. ಕಳೆದ ವಾರದ ಸಾಲು: ಬಲ ತೊಡೆ 10, ಎಡ ತೊಡೆ ಒಂಬತ್ತೂವರೆ.