ಆಪರೇಷನ್ ಆಗದ ಗಂಡು ಬೆಕ್ಕನ್ನು ಮನೆಯೊಳಗೆ ನಿಭಾಯಿಸುವ ಬಗೆ

ಗಂಡು ಬೆಕ್ಕಿನ ಮರಿ ನಾಲ್ಕೈದು ತಿಂಗಳಿನದಾಗುವವರೆಗೆ ಅದು ಗಂಡೋ ಹೆಣ್ಣೋ ಎಂಬುದು ಮನೆಯವರಿಗೆ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಆರು ತಿಂಗಳಿನಿಂದ ಒಂದು ವರ್ಷದೊಳಗೆ ವೃಷಣಗಳು ಬಲಿತು ಟೆಸ್ಟೋಸ್ಟೆರೋನ್ ಎಂಬ ಗಂಡು ಹಾರ್ಮೋನು ಏರತೊಡಗಿದ ಮೇಲೆ ಅದೇ ಮರಿ ಗೋಡೆಗೆ ಬೆನ್ನು ಮಾಡಿ ಮೂತ್ರ ಚಿಮ್ಮಿಸುತ್ತದೆ, ರಾತ್ರಿಯೆಲ್ಲ ಕಿಟಕಿಯಲ್ಲಿ ಕೂತು ಕೂಗುತ್ತದೆ, ಬಾಗಿಲು ತೆರೆದದ್ದೇ ತಡ ಹೊರಗೆ ನುಗ್ಗುತ್ತದೆ, ಎರಡು ದಿನ ಬಿಟ್ಟು ಕಿವಿ ಹರಿದುಕೊಂಡು ಬರುತ್ತದೆ. ಇದನ್ನೆಲ್ಲ ಹಟವೆಂದೋ ಸೇಡೆಂದೋ ಬಗೆದು ಹೊಡೆಯುವವರೂ ಇದ್ದಾರೆ, ಗೋಣಿಚೀಲಕ್ಕೆ ತುಂಬಿ ದೂರದ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವವರೂ ಇದ್ದಾರೆ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂಬುದು ಇಂಥವರಲ್ಲಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಬೆಕ್ಕಿನ ಪ್ರಾಯ ಸಾಲದು, ಆರೋಗ್ಯ ಸರಿಯಿಲ್ಲ, ಹತ್ತಿರದಲ್ಲಿ ಬೆಕ್ಕಿನ ಶಸ್ತ್ರಚಿಕಿತ್ಸೆ ಮಾಡುವ ಪಶುವೈದ್ಯರಿಲ್ಲ ಎಂಬಂಥ ಕಾರಣಗಳಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದವರು ಅಲ್ಲಿಯವರೆಗೆ ಏನು ಮಾಡಬಹುದು ಎಂಬುದಷ್ಟೇ ಈ ಬರಹದ ವಿಷಯ. ಮನೆಯ ವ್ಯವಸ್ಥೆಯನ್ನು ಬದಲಿಸಿ ಈ ಉಪಟಳವನ್ನು ಕಡಿಮೆ ಮಾಡಬಹುದೇ ಹೊರತು ಇಲ್ಲವಾಗಿಸಲು ಆಗದು ಎಂಬುದನ್ನು ಮೊದಲೇ ಒಪ್ಪಿಕೊಂಡರೆ ಬೆಕ್ಕಿಗೂ ಮನೆಯವರಿಗೂ ಕ್ಷೇಮ.

ಮೊದಲು ಮಾಡಬೇಕಾದ ಕೆಲಸವೆಂದರೆ ಮೂತ್ರ ಎಲ್ಲಿ, ಹೇಗೆ ಬಿದ್ದಿದೆ ಎಂದು ನೋಡುವುದು. ಇದು ತನ್ನ ಜಾಗವೆಂದು ಮೂತ್ರದಿಂದ ಗಡಿ ಗುರುತಿಸುವ ಬೆಕ್ಕು ಕುಳಿತುಕೊಳ್ಳುವುದಿಲ್ಲ; ಗೋಡೆಗೋ ಪರದೆಗೋ ಹಿಂಭಾಗ ತಿರುಗಿಸಿ, ಬಾಲವನ್ನು ನೆಟ್ಟಗೆ ಎತ್ತಿ ತುದಿಯನ್ನು ನಡುಗಿಸುತ್ತ, ಹಿಂಗಾಲುಗಳನ್ನು ನಿಂತಲ್ಲೇ ಎತ್ತಿಡುತ್ತ, ಸ್ವಲ್ಪವೇ ಮೂತ್ರವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಕಲೆ ನೆಲದಿಂದ ಒಂದಡಿಯಷ್ಟು ಮೇಲೆ, ಮತ್ತೊಂದು ಬೆಕ್ಕಿನ ಮೂಗಿಗೆ ಸರಿಯಾಗಿ ತಾಕುವ ಎತ್ತರದಲ್ಲಿ, ಶುರುವಾಗಿ ಕೆಳಗಿಳಿದಿರುತ್ತದೆ. ಇದಕ್ಕೆ ಬದಲಾಗಿ ಹಾಸಿಗೆಯ ಮೇಲೋ ಕಾಲೊರಸಿನ ಮೇಲೋ ಅಗಲವಾಗಿ ಒದ್ದೆಯಾಗಿದ್ದರೆ ಅದು ಗಡಿ ಗುರುತಲ್ಲ, ಲಿಟರ್ ಟ್ರೇ (ಮಲಮೂತ್ರಕ್ಕೆಂದು ಮರಳು ತುಂಬಿಟ್ಟ ತಟ್ಟೆ) ಬೆಕ್ಕಿಗೆ ಹಿಡಿಸಿಲ್ಲವೆಂದೋ ಮೂತ್ರಕೋಶದಲ್ಲಿ ತೊಂದರೆಯಿದೆಯೆಂದೋ ಅರ್ಥ. ಎರಡಕ್ಕೂ ಒಂದೇ ಮದ್ದು ಮಾಡಹೊರಟರೆ ಒಂದೂ ಗುಣವಾಗುವುದಿಲ್ಲ.

ಮೂರನೆಯ ಬಗೆಯೊಂದಿದೆ, ಅದು ಪ್ರಾಣಕ್ಕೇ ಎರವಾಗುವಂಥದ್ದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದಾದ್ದರಿಂದ ಹರಳುಗಳೋ ಲೋಳೆಯೋ ಸಿಕ್ಕಿಕೊಂಡು ನಾಳ ಮುಚ್ಚಿಹೋಗುವುದುಂಟು. ಅಂಥ ಬೆಕ್ಕು ಮೇಲಿಂದ ಮೇಲೆ ಟ್ರೇಗೆ ಹೋಗಿ ಕುಳಿತು ತಿಣುಕುತ್ತದೆ, ತೊಟ್ಟು ಮೂತ್ರ ಬಿದ್ದರೆ ಹೆಚ್ಚು, ಬಿದ್ದದ್ದರಲ್ಲಿ ರಕ್ತವಿರಬಹುದು. ಹಿಂಭಾಗವನ್ನು ನೆಕ್ಕಿಕೊಳ್ಳುತ್ತಲೇ ಇರುತ್ತದೆ, ಹೊಟ್ಟೆ ಮುಟ್ಟಿದರೆ ಕೂಗುತ್ತದೆ, ಆಮೇಲೆ ವಾಂತಿ ಮಾಡಿ ಮಂಕಾಗುತ್ತದೆ. ಮಲಬದ್ಧತೆ ಇರಬೇಕೆಂದು ಎಣ್ಣೆ ಕುಡಿಸಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದೊಳಗೆ ಹೃದಯವೇ ನಿಲ್ಲಬಹುದು. ಅದೇ ಗಳಿಗೆ ಪಶುವೈದ್ಯರ ಬಳಿ ಹೊರಡಬೇಕು.

ಗಡಿ ಗುರುತೇ ಹೌದೆಂದು ಖಚಿತವಾದರೆ ಅದರ ವಾಸನೆಯ ಮೂಲ ತಿಳಿದಿರುವುದು ಒಳ್ಳೆಯದು. ಬೆಕ್ಕಿನ ಮೂತ್ರದಲ್ಲಿ ಗಂಧಕವುಳ್ಳ ಫೆಲಿನೈನ್ ಎಂಬ ಅಮೈನೋ ಆಮ್ಲವಿರುತ್ತದೆ. ಅದು ತಯಾರಾಗುವುದಕ್ಕೆ ಕಾಕ್ಸಿನ್ ಎಂಬ ಪ್ರೋಟೀನು ನೆರವಾಗುತ್ತದೆಂದು ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು. ಆಪರೇಷನ್ ಆಗದ ಗಂಡಿನಲ್ಲಿ ಇವೆರಡೂ ಹೆಣ್ಣಿಗಿಂತ, ಆಪರೇಷನ್ ಆದ ಗಂಡಿಗಿಂತ ಬಹಳ ಹೆಚ್ಚು. ಫೆಲಿನೈನ್ ಗಾಳಿಯಲ್ಲಿ ಒಡೆದು ಗಂಧಕದ ಅನಿಲಗಳಾಗುತ್ತ ಹೋಗುವುದರಿಂದಲೇ ಚಿಮ್ಮಿಸಿದ ಮೂತ್ರ ಆ ಕ್ಷಣಕ್ಕಿಂತ ಕೆಲವು ಗಂಟೆಗಳ ಬಳಿಕ ಹೆಚ್ಚು ನಾರುತ್ತದೆ. ಒಳ್ಳೆಯ ಆಹಾರ ತಿಂದು ಗಟ್ಟಿಮುಟ್ಟಾಗಿರುವ ಗಂಡಿನ ಗುರುತು ಇನ್ನಷ್ಟು ಘಾಟು ಎನ್ನಿ. ಆಹಾರ ಕಡಿಮೆ ಮಾಡಿ ವಾಸನೆ ತಗ್ಗಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ.

ಸ್ವಚ್ಛಗೊಳಿಸುವುದೇ ಅರ್ಧ ಚಿಕಿತ್ಸೆ, ಏಕೆಂದರೆ ಹಳೆಯ ವಾಸನೆ ಮಾಸುತ್ತಿದೆ ಎನಿಸಿದಾಗಲೆಲ್ಲ ಬೆಕ್ಕು ಅದೇ ಜಾಗಕ್ಕೆ ಹೊಸದನ್ನು ಹಾಕುತ್ತದೆ. ಕೆಟ್ಟ ವಾಸನೆ ಎಂದೊಡನೆ ನಮ್ಮ ಮನೆಗಳಲ್ಲಿ ಕೈ ಹೋಗುವುದು ಫಿನಾಯಿಲ್ ಬಾಟಲಿಯತ್ತ. ಬೆಕ್ಕಿರುವ ಮನೆಗೆ ಅದು ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆಯಿದ್ದು, ಒರೆಸಿದ ಹಸಿ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ವಿಷ ಒಳಸೇರುತ್ತದೆ. ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು ಎಂಬುದರ ಹಿಂದೆಯೂ ಇದೇ ಕೊರತೆಯಿದೆ. ಮೂಲೆಗಳಲ್ಲಿ ನುಸಿಗುಳಿಗೆ ಇಡುವುದು, ನೀಲಗಿರಿ ಎಣ್ಣೆ ಸಿಂಪಡಿಸುವುದು ಕೂಡ ಅಪಾಯಕಾರಿ. ಅಮೋನಿಯಾ ಬೆರೆತ ದ್ರಾವಣ ಬೆಕ್ಕಿನ ಮೂಗಿಗೆ ಮೂತ್ರದಂತೆಯೇ ತೋರುತ್ತದೆ. ಬ್ಲೀಚಿಂಗ್ ಪೌಡರ್ ಮೂತ್ರದೊಂದಿಗೆ ಸೇರಿದರೆ ಎದೆ ಉರಿಸುವ ಅನಿಲ ಏಳುತ್ತದೆ.

ಒದ್ದೆಯಿದ್ದಾಗಲೇ ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರಿನಿಂದ ಒರೆಸಿದ ಮೇಲೆ, ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ (ಎಂಜೈಮ್) ದ್ರಾವಣವನ್ನಾಗಲಿ ಕಿಣ್ವವಿರುವ ಬಟ್ಟೆ ಒಗೆಯುವ ಪುಡಿಯ ನೀರನ್ನಾಗಲಿ ಧಾರಾಳವಾಗಿ ಹಚ್ಚಿ ಕಾಲು ಗಂಟೆ ಹಾಗೇ ಬಿಡಬೇಕು. ಹಚ್ಚಿದ ತಕ್ಷಣ ಒರೆಸಿಬಿಟ್ಟರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಆಮೇಲೆ ಶುದ್ಧ ನೀರಿನಲ್ಲಿ ಒರೆಸಿ ಫ್ಯಾನಿನ ಕೆಳಗೆ ಒಣಗಿಸಬೇಕು. ವಿನೆಗರ್ ಬಳಸುವವರು ನೆಲ ಯಾವುದೆಂದು ನೋಡಿಕೊಳ್ಳಲಿ: ಶಹಾಬಾದ್ ಕಲ್ಲು, ಕಡಪ ಕಲ್ಲು, ಅಮೃತಶಿಲೆ ಇವೆಲ್ಲ ಸುಣ್ಣದ ಅಂಶದ ಕಲ್ಲುಗಳಾದ್ದರಿಂದ ಹುಳಿ ತಾಗಿದಲ್ಲಿ ಹೊಳಪು ಹೋಗಿ ಮಚ್ಚೆ ಉಳಿಯುತ್ತದೆ. ಗೋಡೆಯಿಂದ ಇಳಿದ ಧಾರೆ ಸ್ಕರ್ಟಿಂಗ್ ಟೈಲ್ಸಿನ ಮೇಲಂಚಿನಲ್ಲಿ ನಿಂತು, ಅಲ್ಲಿಂದ ಫ್ರಿಜ್ಜಿನ ಅಡಿಗೋ ಗ್ಯಾಸ್ ಸಿಲಿಂಡರಿನ ತಳದ ಬಳೆಯೊಳಕ್ಕೋ ಹರಿದಿರುತ್ತದೆ. ಮೇಲೆ ಎಷ್ಟು ಉಜ್ಜಿದರೂ ನಾತ ಹೋಗಲಿಲ್ಲವೆಂದರೆ ಅಲ್ಲಿ ಹುಡುಕಬೇಕು. ಕತ್ತಲು ಮಾಡಿಕೊಂಡು, ನೋಟು ಪರೀಕ್ಷಿಸುವ ಅಲ್ಟ್ರಾವೈಲೆಟ್ ಟಾರ್ಚ್ ಹಿಡಿದರೆ ಒಣಗಿದ ಕಲೆಗಳು ಮಂಕಾಗಿ ಹೊಳೆದು ಕಾಣುತ್ತವೆ. ಬೇಸಿಗೆಯಲ್ಲಿ ಮಾಯವಾದ ವಾಸನೆ ಆಷಾಢದ ತೇವಕ್ಕೆ ಮತ್ತೆ ಏಳುವುದು ಸಾಮಾನ್ಯ: ಪೂರ್ತಿ ಹೋಗದೆ ಒಣಗಿ ಉಳಿದ ಮೂತ್ರದ ಅಂಶ ತೇವ ತಾಗಿದಾಗ ಮತ್ತೆ ನಾರುತ್ತದೆ. ಅದು ಹೊಸ ಗುರುತೆಂದು ಬೆಕ್ಕನ್ನು ಗದರಬಾರದು.

ಹಾಗೆ ನೋಡಿದರೆ, ಗದರುವುದರಿಂದ ಯಾವಾಗಲೂ ಪ್ರಯೋಜನವಿಲ್ಲ. ಮೂಗನ್ನು ಕಲೆಗೆ ಒತ್ತಿ ತಿಕ್ಕುವುದು, ನೀರು ಎರಚುವುದು, ಕೋಣೆಯಲ್ಲಿ ಕೂಡಿಹಾಕುವುದು ಬೆಕ್ಕಿನ ಆತಂಕವನ್ನು ಹೆಚ್ಚಿಸುತ್ತವೆ, ಆತಂಕಗೊಂಡ ಬೆಕ್ಕು ಇನ್ನಷ್ಟು ಗುರುತು ಹಾಕುತ್ತದೆ. ಅದಕ್ಕಿಂತ ಗುರುತು ಎಲ್ಲೆಲ್ಲಿ ಬೀಳುತ್ತಿದೆ ಎಂದು ಗಮನಿಸಿದರೆ ಕಾರಣ ತಾನಾಗಿ ತಿಳಿಯುತ್ತದೆ. ಮುಂಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡು, ಹೊರಗಿನಿಂದ ತಂದಿಟ್ಟ ತರಕಾರಿ ಚೀಲ, ಸ್ಕೂಟರಿನ ಚಕ್ರ ಇವು ಬೀದಿಯ ಬೇರೆ ಬೆಕ್ಕುಗಳ ವಾಸನೆ ಹೊತ್ತು ಬರುವ ವಸ್ತುಗಳು. ಚಪ್ಪಲಿಗಳನ್ನು ಮುಚ್ಚಿದ ಕಪಾಟಿನಲ್ಲಿಟ್ಟರೆ ಎಷ್ಟೋ ಮನೆಗಳಲ್ಲಿ ಅರ್ಧ ತೊಂದರೆ ಮುಗಿಯುತ್ತದೆ. ಕಿಟಕಿಯ ಕೆಳಗೆ ಗುರುತು ಬಿದ್ದಿದ್ದರೆ ಕಾಂಪೌಂಡಿನ ಮೇಲೆ ಓಡಾಡುವ ಮತ್ತೊಂದು ಗಂಡು ಬೆಕ್ಕು ಕಾಣಿಸುತ್ತಿದೆ ಎಂದು ತಿಳಿಯಬೇಕು. ಗಾಜಿನ ಕೆಳಗಿನ ಭಾಗಕ್ಕೆ ಮಸುಕು ಹಾಳೆ ಅಂಟಿಸಿ, ಹೊರಗಿನ ಬೆಕ್ಕಿಗೆ ಮನೆಯ ಮೆಟ್ಟಿಲ ಮೇಲೆ ಅನ್ನ ಹಾಕುವ ಅಭ್ಯಾಸವಿದ್ದರೆ ಅದನ್ನು ದೂರಕ್ಕೆ ಸರಿಸಬೇಕು.

ಬೆಕ್ಕು ತಾನು ಉಣ್ಣುವ, ಮಲಗುವ ಜಾಗದಲ್ಲಿ ಗುರುತು ಹಾಕುವುದು ಅಪರೂಪ. ಆದ್ದರಿಂದ ತೊಳೆದು ಒಣಗಿಸಿದ ಜಾಗದಲ್ಲಿ ಅದರ ಊಟದ ಬಟ್ಟಲನ್ನೋ ಹಾಸಿಗೆಯನ್ನೋ ಇಡುವುದು ಪರಿಣಾಮಕಾರಿಯಾದ ಉಪಾಯ. ಮೆತ್ತನೆಯ ಹತ್ತಿ ಬಟ್ಟೆಯಿಂದ ಅದರ ಕೆನ್ನೆಗಳನ್ನು ಸವರಿ, ಆ ಬಟ್ಟೆಯನ್ನು ಬಾಗಿಲಂಚಿಗೆ, ಮೇಜಿನ ಕಾಲಿಗೆ ಒರೆಸಬಹುದು. ಕೆನ್ನೆಯ ಗ್ರಂಥಿಗಳ ವಾಸನೆ ಇರುವ ಜಾಗ ತನ್ನದೇ ಎಂಬ ನೆಮ್ಮದಿ ಬೆಕ್ಕಿಗಿರುತ್ತದೆ. ಇದೇ ತತ್ತ್ವದ ಮೇಲೆ ತಯಾರಿಸಿದ, ಪ್ಲಗ್ಗಿಗೆ ಸಿಕ್ಕಿಸುವ ಕೃತಕ ಫೆರೊಮೋನ್ (ಪ್ರಾಣಿಗಳು ಸೂಚನೆಗಾಗಿ ಸೂಸುವ ವಾಸನೆ) ಸಾಧನಗಳು ಸಿಗುತ್ತವೆಯಾದರೂ ಅವು ಅಗ್ಗವಲ್ಲ, ಎಲ್ಲ ಬೆಕ್ಕುಗಳ ಮೇಲೂ ಒಂದೇ ರೀತಿ ಕೆಲಸ ಮಾಡುವುದೂ ಇಲ್ಲ. ಉಗುರಿನಿಂದ ಗೀಚುವುದೂ ಗುರುತು ಹಾಕುವ ಇನ್ನೊಂದು ಬಗೆಯೇ. ಅಲುಗಾಡದ ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನು ಬಿಗಿಯಾಗಿ ಸುತ್ತಿ ಸೋಫಾದ ಪಕ್ಕದಲ್ಲೇ ನಿಲ್ಲಿಸಿದರೆ ಸಾಕು. ಲಿಟರ್ ಟ್ರೇಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಮುಚ್ಚಳವಿಲ್ಲದೆ ದೊಡ್ಡದಾಗಿರಲಿ, ದಿನಕ್ಕೆರಡು ಸಲ ಶುಚಿಯಾಗಲಿ.

ಕೂಗುವುದು ಮತ್ತು ತಪ್ಪಿಸಿಕೊಳ್ಳುವುದು ಒಟ್ಟೊಟ್ಟಿಗೆ ಬರುತ್ತವೆ. ಹೆಣ್ಣು ಬೆಕ್ಕು ಬೆದೆಗೆ ಬರುವುದು ಹಗಲಿನ ಉದ್ದವನ್ನು ಅವಲಂಬಿಸಿದೆ. ಚಳಿದೇಶಗಳಲ್ಲಿ ಚಳಿಗಾಲಕ್ಕೆ ಬಿಡುವಿರುತ್ತದೆ, ನಮ್ಮ ಅಕ್ಷಾಂಶದಲ್ಲಿ ವರ್ಷದ ಹೆಚ್ಚಿನ ತಿಂಗಳು ನೆರೆಯಲ್ಲಿ ಯಾವುದಾದರೊಂದು ಹೆಣ್ಣು ಕೂಗುತ್ತಲೇ ಇರುತ್ತದೆ. ಆ ಕರೆ ಕೇಳಿದ ಗಂಡಿಗೆ ಊಟ ನಿದ್ದೆ ಬೇಡವಾಗುತ್ತದೆ. ಇಂಥ ದಿನಗಳಲ್ಲಿ ಬೀದಿ ಕಡೆಯ ಕಿಟಕಿಗಳನ್ನು ರಾತ್ರಿ ಮುಚ್ಚಿ, ಮಲಗುವ ಮುನ್ನ ಕೋಲಿಗೆ ಕಟ್ಟಿದ ಗರಿಯನ್ನೋ ದಾರವನ್ನೋ ಅಟ್ಟಿಸಿಕೊಂಡು ಓಡುವಂತೆ ದಣಿಯುವವರೆಗೆ ಆಡಿಸಿ, ಆಟ ಮುಗಿದ ಕೂಡಲೇ ದಿನದ ದೊಡ್ಡ ಊಟವನ್ನು ಕೊಡಬೇಕು. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಎಂಬ ಅನುಕ್ರಮ ಬೆಕ್ಕಿನ ಸ್ವಭಾವದಲ್ಲೇ ಇದೆ. ಕೂಗಿದಾಗ ಎದ್ದು ತಿನಿಸು ಹಾಕಿದರೆ ಮರುದಿನ ಅದೇ ಹೊತ್ತಿಗೆ ಕೂಗುತ್ತದೆ. ಫ್ಲ್ಯಾಟಿನ ಬಾಲ್ಕನಿಗೆ ಪಾರಿವಾಳ ತಡೆಯಲು ಹಾಕಿಸಿದ ತೆಳು ನೈಲಾನ್ ಬಲೆಯನ್ನು ನಂಬಬೇಡಿ, ಹಟಕ್ಕೆ ಬಿದ್ದ ಗಂಡು ಅದನ್ನು ಕಡಿದು ತೂರಬಲ್ಲದು. ಕಿಟಕಿಗಳಿಗೆ ತಂತಿಯ ಜಾಲರಿ ಬೇಕು. ಹೆಂಚಿನ ಮನೆಯಲ್ಲಿ ಅಟ್ಟದ ಸಂದುಗಳನ್ನು ಮುಚ್ಚುವುದು ಅಸಾಧ್ಯವೆಂದೇ ಹೇಳಬೇಕು. ಅಲ್ಲಿ ರೇಬೀಸ್ ಮತ್ತಿತರ ಲಸಿಕೆಗಳನ್ನು ತಪ್ಪದೆ ಹಾಕಿಸಿ, ಕಾದಾಡಿ ಬಂದ ಮೇಲೆ ಮೈ ತಡವಿ ನೋಡುವುದೇ ದಾರಿ. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡು ಒಳಗೆ ಕೀವು ತುಂಬಿಕೊಳ್ಳುತ್ತದೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ಸೋಂಕು ಹರಡುವುದೂ ಮುಖ್ಯವಾಗಿ ಇಂಥ ಕಡಿತಗಳಿಂದಲೇ.

ಹೊರಗಿನ ಗಂಡನ್ನು ಕಿಟಕಿಯಿಂದ ಕಂಡು ಕೆರಳಿದ ಬೆಕ್ಕು, ಪಕ್ಕದಲ್ಲಿ ಯಾರಿದ್ದಾರೋ ಅವರ ಮೇಲೆ ಎರಗಬಹುದು. ಬಾಲ ಉಬ್ಬಿ, ಕಿವಿ ಹಿಂದಕ್ಕೊರಗಿ, ಗುರ್ ಎನ್ನುತ್ತಿರುವ ಬೆಕ್ಕನ್ನು ಸಮಾಧಾನಪಡಿಸಲೆಂದು ಎತ್ತಿಕೊಳ್ಳಬಾರದು. ಮಕ್ಕಳನ್ನು ಆಚೆ ಕಳಿಸಿ, ದೀಪ ಆರಿಸಿ, ಬಾಗಿಲು ಮುಂದೆಳೆದು ಗಂಟೆಗಟ್ಟಲೆ ಬೇಕಾದರೂ ಬಿಟ್ಟುಬಿಡಬೇಕು. ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಹೆಣ್ಣು ಬೆಕ್ಕೂ ಇದ್ದರೆ ಅವುಗಳನ್ನು ಬೇರೆ ಬೇರೆ ಕೋಣೆಯಲ್ಲಿಟ್ಟು ಕಾಯುತ್ತೇವೆನ್ನುವುದು ಹೇಳಲು ಸುಲಭ. ಅಂಥ ಮನೆಯಲ್ಲಿ ಯಾವುದಾದರೊಂದಕ್ಕೆ ಆಪರೇಷನ್ ಮಾಡಿಸದೆ ಗತಿಯಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮರಿ ಹಾಕಿದ ಹೆಣ್ಣಿದ್ದಲ್ಲಿ ಗಂಡನ್ನು ಆ ಕೋಣೆಗೆ ಬಿಡಲೇಬಾರದು, ಗಂಡು ಬೆಕ್ಕು ಮರಿಗಳನ್ನು ಕೊಲ್ಲುವುದುಂಟೆಂಬ ಹಿರಿಯರ ಮಾತು ಸುಳ್ಳಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ಹಳ್ಳಿಗಳಲ್ಲಿರುವ ಮುಖ್ಯ ಅಂಜಿಕೆ ಬೆಕ್ಕು ಇಲಿ ಹಿಡಿಯುವುದನ್ನು ಬಿಡುತ್ತದೆ ಎಂಬುದು. ಬೇಟೆಯ ಪ್ರವೃತ್ತಿ ವೃಷಣಗಳನ್ನು ಅವಲಂಬಿಸಿಲ್ಲ. ಅಡಿಕೆ ಮೂಟೆಗಳ ನಡುವೆ ಇಲಿ ಹಿಡಿಯುವ ಗಂಡು ಆಮೇಲೂ ಹಿಡಿಯುತ್ತದೆ, ಊರು ಸುತ್ತುವುದು ಕಡಿಮೆಯಾದ್ದರಿಂದ ಮನೆಯಲ್ಲೇ ಹೆಚ್ಚು ಸಿಗುತ್ತದೆ. ಐದು ತಿಂಗಳ ಆಸುಪಾಸಿನಲ್ಲಿ, ಅಂದರೆ ಗುರುತು ಹಾಕುವ ಚಟ ಹತ್ತುವ ಮೊದಲೇ ಮಾಡಿಸುವುದು ಉತ್ತಮ. ಗಂಡಿನಲ್ಲಿ ಹೊಟ್ಟೆ ಕೊಯ್ಯುವ ಅಗತ್ಯವಿಲ್ಲ, ವೃಷಣಚೀಲದಲ್ಲಿ ಸಣ್ಣ ಗಾಯವಷ್ಟೇ ಆಗುತ್ತದೆ, ಹಲವು ಬಾರಿ ಹೊಲಿಗೆಯೂ ಇರುವುದಿಲ್ಲ. ವೃಷಣವೊಂದು ಕೆಳಗಿಳಿಯದೆ ಒಳಗೇ ಉಳಿದಿದ್ದರೆ ಮಾತು ಬೇರೆ, ಅಂಥದ್ದನ್ನು ಹುಡುಕಿ ತೆಗೆಯಲೇಬೇಕು. ಗಾಯ ಮಾಯುವವರೆಗೆ ಟ್ರೇಯಲ್ಲಿ ಮರಳಿನ ಬದಲು ಹರಿದ ಪತ್ರಿಕೆ ಹಾಕಿದರೆ ಧೂಳು ಅಂಟುವುದಿಲ್ಲ. ನೋವಿಗೆಂದು ಮನೆಯ ಮಾತ್ರೆ ಕೊಡುವಂತಿಲ್ಲ.

ಆಪರೇಷನ್ ಆದ ಮರುದಿನದಿಂದಲೇ ಎಲ್ಲ ನಿಲ್ಲಬೇಕೆಂದು ಎಣಿಸಬಾರದು. ಹಾರ್ಮೋನು ಬೇಗ ಇಳಿದರೂ ಅಭ್ಯಾಸ ಇಳಿಯಲು ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ, ನಾಳದಲ್ಲಿ ಉಳಿದ ವೀರ್ಯದಿಂದ ಮೊದಲ ಐದಾರು ವಾರ ಹೆಣ್ಣು ಗರ್ಭ ಧರಿಸುವ ಸಾಧ್ಯತೆಯೂ ಇರುತ್ತದೆ. ಹತ್ತರಲ್ಲಿ ಒಂಬತ್ತು ಗಂಡುಗಳಲ್ಲಿ ಚಿಮ್ಮಿಸುವುದು ನಿಲ್ಲುತ್ತದೆ ಅಥವಾ ಬಹಳ ತಗ್ಗುತ್ತದೆ. ಉಳಿದ ಒಂದರ ವಿಷಯದಲ್ಲಿ ಕಾರಣ ಹಾರ್ಮೋನಲ್ಲ, ಆತಂಕ ಅಥವಾ ಮೂತ್ರಕೋಶದ ಕಾಯಿಲೆ ಎಂದು ಭಾವಿಸಿ ಮತ್ತೆ ಪಶುವೈದ್ಯರಿಗೆ ತೋರಿಸಬೇಕು. ದೇಹಕ್ಕೆ ಬೇಕಾಗುವ ಆಹಾರ ಇಪ್ಪತ್ತು ಮೂವತ್ತು ಶೇಕಡಾ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ಆದ್ದರಿಂದ ಬೆಳೆದ ಬೆಕ್ಕಾದರೆ ಬಟ್ಟಲಿನ ಅಳತೆಯನ್ನು ಮೊದಲ ತಿಂಗಳಿನಿಂದಲೇ ಇಳಿಸಿ, ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು ನಿಮ್ಮ ತೂಕ ಕಳೆದು ನೋಡಿ.