ಎರಡು ಬೀಗದ ಪೆಟ್ಟಿಗೆ: ನನ್ನ ಅನುಭವ

ನಮ್ಮ ಹಿರಿಯರಿಗೆ ಗೊತ್ತಿರುವುದನ್ನು ನಾವೇ ರೆಕಾರ್ಡ್ ಮಾಡಿ ಇಡುತ್ತೇವೆ ಅಂದಾಗ "ಇದೆಲ್ಲ ನಿಮ್ಮಿಂದ ಆಗುವ ಕೆಲಸ ಅಲ್ಲ" ಅಂದವರೇ ಜಾಸ್ತಿ. ಕಾಸರಗೋಡಿನ ಬದಿಯಡ್ಕದ ಹತ್ತಿರ ಕೊರಗ ಬುಡಕಟ್ಟಿನವರಾದ ನಮ್ಮ ಕಾಲನಿಯ ದಾಖಲೆ ಪೆಟ್ಟಿಗೆ ಮೂರು ಮಳೆಗಾಲ ದಾಟಿದೆ. ಬುಟ್ಟಿ ಹೆಣಿಗೆ, ಡೋಲು, ಮದ್ದು, ನಮ್ಮ ಭಾಷೆ ಎಲ್ಲ ಸೇರಿ ಸುಮಾರು 140 ರೆಕಾರ್ಡಿಂಗ್ ಇವೆ.

ಮೊದಲು ಸೋತದ್ದು ವಾಟ್ಸಾಪಿನಲ್ಲಿ. ಗ್ರೂಪ್ ಮಾಡಿ ಸಿಕ್ಕಿದ್ದೆಲ್ಲ ಹಾಕಿದೆವು. ಅಜ್ಜಿ ಹೇಳಿದ ಒಂದು ಮದ್ದಿನ ವಿಡಿಯೋ ವಾರದೊಳಗೆ ಊರೆಲ್ಲ ಸುತ್ತಿ ಬಂತು. ಅವರು ಆರು ತಿಂಗಳು ನನ್ನೆದುರು ಬಾಯಿ ಬಿಡಲಿಲ್ಲ. ಅವರು ಮಾಡಿದ್ದೇ ಸರಿ.

ಆಮೇಲೆ ಹಾರ್ಡ್ ಡಿಸ್ಕ್ ತಂದೆವು, ನಾಲ್ಕೂವರೆ ಸಾವಿರ. ಆಟಿ ತಿಂಗಳ ಮಳೆಗೆ ಸತ್ತುಹೋಯಿತು. ನಲವತ್ತು ಗಂಟೆಯಷ್ಟು ರೆಕಾರ್ಡಿಂಗ್ ಹೋಯಿತು, ಅದರಲ್ಲಿ ನಮ್ಮ ಮಾವನ ಡೋಲಿನ ಪೆಟ್ಟೂ ಇತ್ತು, ಮಾವ ಈಗಿಲ್ಲ. ರಿಪೇರಿಯವರು ಹದಿನೈದು ಸಾವಿರ ಕೇಳಿದರು. ಬುಟ್ಟಿ ಮಾರಿ ಅಷ್ಟು ಹುಟ್ಟುತ್ತದಾ?

ಆಗ ಮುಕುರ್ತು ಬಗ್ಗೆ ಗೊತ್ತಾಯಿತು. 2007ರ ಹೊತ್ತಿಗೆ ಆಸ್ಟ್ರೇಲಿಯಾದ ವಾರುಮುಂಗು ಎಂಬ ಮೂಲನಿವಾಸಿ ಜನರಿಗಾಗಿ ಶುರುವಾದ, ದಾಖಲೆ ಇಡುವ ಉಚಿತ ಸಾಫ್ಟ್‌ವೇರ್ ಅದು. ಯಾವುದನ್ನು ಯಾರು ನೋಡಬಹುದು ಅಂತ ಅಲ್ಲಿ ಜನರೇ ತೀರ್ಮಾನಿಸುತ್ತಾರೆ. ಮುಕುರ್ತು ಅಂದರೆ ಅವರ ಮಾತಿನಲ್ಲಿ ಬೆಲೆಬಾಳುವುದನ್ನು ಜೋಪಾನ ಮಾಡುವ ಚೀಲ. "ನಮ್ಮ ಬುಟ್ಟಿಯ ಹಾಗೇ ಅಲ್ವಾ" ಅಂದರು ದೊಡ್ಡಮ್ಮ. ಅಲ್ಲಿಂದ ಎಲ್ಲರೂ ಜೊತೆಗೆ ಬಂದರು. ನಮ್ಮಲ್ಲಿ ನೆಟ್ ನಿಲ್ಲುವುದಿಲ್ಲ, ಹಾಗಾಗಿ ಅವರ ಕ್ರಮ ಮಾತ್ರ ತೆಗೆದುಕೊಂಡೆವು. ಹೇಳುವವರು ಶುರುವಿನಲ್ಲೇ ಯಾರು ಕೇಳಬಹುದು ಅಂತ ತಮ್ಮ ಬಾಯಲ್ಲೇ ಹೇಳಬೇಕು. ಮನೆಯವರು, ಕಾಲನಿಯವರು, ಎಲ್ಲರೂ. ಮೂರೇ ಫೋಲ್ಡರ್.

ರೆಕಾರ್ಡಿಂಗಿನ ಪಟ್ಟಿ ಬರೆದರೆ ಓದುವವರು ಯಾರು? ರಟ್ಟಿನ ಕಾರ್ಡಿಗೆ ಅಂಗೈಯಗಲದ ಹೆಣಿಗೆ ತುಂಡು ಹೊಲಿದು, ಕೆಳಗೆ ರೆಕಾರ್ಡಿಂಗಿನ ನಂಬರ್ ಹಾಕಿದೆ. ಅಜ್ಜಿ ಕಣ್ಣು ಮುಚ್ಚಿ ಬೆರಳಾಡಿಸಿ "ಇದು ಭತ್ತದ ಬುಟ್ಟಿ, ಇದನ್ನು ಹಾಕು" ಅನ್ನುತ್ತಾರೆ. ಇಂಥದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ತೇವಕ್ಕೆ ಹುರಿದ ಅಕ್ಕಿ ಇಟ್ಟು ನೋಡಿದೆ, ಹುಳ ಬಂತು. ಇದ್ದಿಲು ಇಟ್ಟರೆ ಎಲ್ಲ ಕಪ್ಪು. ಕೊನೆಗೆ ಸಿಲಿಕಾ ಜೆಲ್ಲೇ. ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಆಗಾಗ ಬಿಸಿ ಮಾಡಿದರೆ ವರ್ಷಗಟ್ಟಲೆ ಬರುತ್ತದೆ.

ತಗಡಿನ ಪೆಟ್ಟಿಗೆಗೆ ಎರಡು ಬೀಗ, ಕೀಲಿ ಇಬ್ಬರು ಹೆಂಗಸರ ಹತ್ತಿರ. ಡಿಸ್ಕ್ ಈಗ ಮೂರು. ಮೂರನೆಯದು ಎಲ್ಲಿದೆ, ಮದ್ದಿನ ಬಳ್ಳಿಗಳ ಹೆಸರನ್ನು ಫೈಲಿನಲ್ಲಿ ಹೇಗೆ ಮರೆಮಾಡಿದ್ದೇವೆ ಅಂತ ಇಲ್ಲಿ ಹೇಳುವುದಿಲ್ಲ. ಒಟ್ಟು ಖರ್ಚು ಇಪ್ಪತ್ತೆರಡು ಸಾವಿರದ ಆಸುಪಾಸು, ಎಲ್ಲ ಬುಟ್ಟಿ ಮಾರಿ, ಕೂಲಿ ಮಾಡಿ ಬಂದ ದುಡ್ಡು.

ಆರು ತಿಂಗಳು ಮುನಿದಿದ್ದ ಅಜ್ಜಿಯ ಹತ್ತಿರವೇ ಈಗ ಒಂದು ಕೀಲಿ ಇದೆ. ಹೋದ ವಾರ ಮೊಮ್ಮಗಳಿಂದ ಫೋನ್ ಮಾಡಿಸಿದ್ದರು. ಇನ್ನೊಂದು ಬಳ್ಳಿ ನೆನಪಾಗಿದೆಯಂತೆ, ಮಳೆ ಹಿಡಿಯುವ ಮೊದಲು ಬರಬೇಕಂತೆ.